ವಾರಸುದಾರರಿಲ್ಲದ ವಸ್ತುಗಳು

ಲಾರಿ ಬರುವುದು ಹತ್ತು ಗಂಟೆಗೆ. ಎಂಟೂವರೆಗೇ ಹ್ಯೂಬರ್ಟ್ ಬಾತ್‌ರೂಮಿನ ಪ್ಲಾಸ್ಟಿಕ್ ಸ್ಟೂಲು ಹತ್ತಿ, ಅರ್ಧ ಗಡ್ಡಕ್ಕೆ ನೊರೆ ಮೆತ್ತಿಕೊಂಡು, ವೆಂಟಿಲೇಟರಿನ ಗಾಜುಗಳ ಸಂದಿಯಿಂದ ಪಕ್ಕದ ಕಂಪೌಂಡನ್ನು ನೋಡುತ್ತಿದ್ದ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿ ರಿಟೈರ್ ಆದ ಮನುಷ್ಯ ನಿಲ್ಲತಕ್ಕ ಜಾಗವಲ್ಲ ಅದು. ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಎರಡು ವರ್ಷದಿಂದ ದಿನಾ ನಿಲ್ಲುತ್ತಿದ್ದ.

ಗುಜರಿಯ ಗುಡ್ಡೆ ಎಂದಿನಂತೆ ಬಿದ್ದುಕೊಂಡಿತ್ತು. ಹರಿದ ಬಲೆ, ತುಕ್ಕು ಹಿಡಿದ ಬೋಟಿನ ಪ್ರೊಪೆಲ್ಲರ್, ಡೀಸೆಲ್ ಡ್ರಮ್ಮು, ಬಾಗಿಲಿಲ್ಲದ ಫ್ರಿಡ್ಜು, ಫ್ರಿಡ್ಜಿಲ್ಲದ ಬಾಗಿಲು, ಮಿಕ್ಸಿಗಳು, ಸೈಕಲ್ ಚಕ್ರಗಳು, ವಾಶಿಂಗ್ ಮೆಶಿನ್ನಿನ ಹೊಟ್ಟೆ. ಗುಡ್ಡೆಯ ಆಚೆ ಮಗ್ದಲೀನ್ ನಗುತ್ತಿದ್ದಳು.

ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಹೆಂಡತಿ ಮನೆಯೊಳಗೆ ಹಾಗೆ ನಕ್ಕದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋಗಿ ಅವನು ಬಿಟ್ಟುಬಿಟ್ಟ. ಕುಕ್ಕರಿನ ಹಿಡಿ ಸಡಿಲವಾಗಿದೆ ಎಂದು ಅವಳು ಪಕ್ಕದ ಮನೆಯ ದೇವದಾಸನ ಹತ್ತಿರ ಹೋದದ್ದು. ಒಂದು ಸ್ಕ್ರೂ. ಒಂದು ಸ್ಕ್ರೂ ಬಿಗಿಯಲು ಮುಕ್ಕಾಲು ಗಂಟೆ ಬೇಕೇ? ಅದೂ ಇವತ್ತು, ಎಲ್ಲವನ್ನೂ ಪಾಲಿಕೆಯವರು ಹೊತ್ತುಕೊಂಡು ಹೋಗುವ ದಿನ, ಆ ಕಡೆಯವರಿಗೆ ನಗು ಎಲ್ಲಿಂದ ಬರುತ್ತದೆ? ನೊರೆ ಒಣಗಿ ಗಲ್ಲ ತುರಿಸತೊಡಗಿತ್ತು.

ದೇವದಾಸ್ ಹಿಂದೆ ಮೀನಿನ ದಕ್ಕೆಯಲ್ಲಿ ಬೋಟಿನ ಡ್ರೈವರ್. ಮೊಣಕಾಲು ಕೈಕೊಟ್ಟ ಮೇಲೆ ಕಡಲಿಗೆ ಹೋಗುವುದನ್ನು ಬಿಟ್ಟು, ಬೋಳೂರಿನಿಂದ ಮಣ್ಣಗುಡ್ಡದ ಈ ಓಣಿಗೆ ಬಂದು ಹನ್ನೆರಡು ವರ್ಷ. ಎಂಟನೆಯ ಕ್ಲಾಸು ದಾಟಿದವನಲ್ಲ. ಆದರೆ ಓಣಿಯಲ್ಲಿ ಏನು ಕೆಟ್ಟರೂ ಅದು ಅವನಲ್ಲಿಗೇ ನಡೆದುಕೊಂಡು ಹೋಗುತ್ತಿತ್ತು. ಪಂಪು, ಇಸ್ತ್ರಿಪೆಟ್ಟಿಗೆ, ಗೇಟಿನ ಕೀಲು, ಮಕ್ಕಳ ಸೈಕಲ್ಲು. ಅವನು ಗುಡ್ಡೆಗೆ ಕೈ ಹಾಕಿ ಎಲ್ಲಿಂದಲೋ ಒಂದು ತುಂಡು ಎಳೆದು ತೆಗೆಯುತ್ತಿದ್ದ, ಅದು ಸರಿಯಾಗಿ ಕೂರುತ್ತಿತ್ತು. ಬಂದವರು ಕೂತು ಹರಟುತ್ತಿದ್ದರು. ಅವನ ಹೆಂಡತಿ ಅಮ್ಮಣ್ಣಿ ಮೀನು ಹೆಚ್ಚುತ್ತಲೇ ಎಲ್ಲರಿಗೂ ಚಾ ಮಾಡಿ ಕೊಡುತ್ತಿದ್ದಳು.

ಹ್ಯೂಬರ್ಟನ ಕಂಪೌಂಡಿಗೆ ಇಂಟರ್‌ಲಾಕ್ ಹಾಸಿತ್ತು. ಒಂದು ಎಲೆ ಬಿದ್ದರೆ ಕಾಣುತ್ತಿತ್ತು. ಅಲ್ಲಿಗೆ ಯಾರೂ ಬರುತ್ತಿರಲಿಲ್ಲ.

ಕರೆಂಟು ಹೇಗೆ ಹರಿಯುತ್ತದೆ ಎಂದು ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದು ತೋರಿಸಿದವನು ಹ್ಯೂಬರ್ಟ್. ಅವನ ಮನೆಯ ಫ್ಯೂಸ್ ಹಾಕಿಕೊಡುತ್ತಿದ್ದವನು ದೇವದಾಸ್. ಮಗಳು ಸೋನಿಯಾ ಕುವೈತಿನಿಂದ ಫೋನು ಮಾಡಿದರೆ ಮೂರನೆಯ ಮಾತೇ, 'ದೇವದಾಸಂಕಲ್ ಹೇಗಿದ್ದಾರೆ ಪಪ್ಪಾ?' ಹೇಗಿರುತ್ತಾನೆ? ಚೆನ್ನಾಗಿದ್ದಾನೆ. ಅದೇ ಸಮಸ್ಯೆ. ಮಗ್ದಲೀನಳಿಗೂ ಅವನಿಗೂ ನಡುವೆ ಅಂಥದ್ದೇನಾದರೂ ಇದ್ದಿದ್ದರೆ ಹ್ಯೂಬರ್ಟನಿಗೆ ಸುಲಭವಾಗುತ್ತಿತ್ತು, ರಂಪ ಮಾಡಬಹುದಿತ್ತು. ಏನೂ ಇರಲಿಲ್ಲ. ಅಮ್ಮಣ್ಣಿ ಪಕ್ಕದಲ್ಲೇ ಕೂತಿರುತ್ತಿದ್ದಳು. ಮೂವರೂ ಸೇರಿ ನಗುತ್ತಿದ್ದರು, ಅಷ್ಟೆ. ಬರಿಯ ಹೊಟ್ಟೆಕಿಚ್ಚು ಇದು, ಮತ್ತೇನಲ್ಲ ಎಂದು ಅವನು ತನಗೆ ತಾನೇ ಒಪ್ಪಿಕೊಂಡಿದ್ದ. ಒಪ್ಪಿಕೊಂಡರೆ ಕಡಿಮೆಯಾಗಬಹುದು ಎಂದುಕೊಂಡಿದ್ದ, ಅದೇನೂ ಆಗಲಿಲ್ಲ.

ಅದಲ್ಲದೆ ಮಧ್ಯಾಹ್ನ ಮೂರರ ಹೊತ್ತಿಗೆ ಆ ಕಡೆಯಿಂದ ಒಂದು ಸದ್ದು ಬರುತ್ತಿತ್ತು. ಕಿರ್ರ್... ಟಕ್. ಕಿರ್ರ್... ಟಕ್. ಎಲ್ಲೋ ಕೇಳಿದ ಸದ್ದು. ಎಲ್ಲಿ ಎಂದು ಹೊಳೆಯುತ್ತಿರಲಿಲ್ಲ. ಮಗ್ದಲೀನ್ ಆ ಹೊತ್ತಿಗೆ ಆ ಕಡೆಯೇ ಇರುತ್ತಿದ್ದಳು. ಹ್ಯೂಬರ್ಟ್ ತಲೆದಿಂಬಿನಡಿ ಕಿವಿ ಹುದುಗಿಸಿ ಮಲಗಿದರೂ ಅದು ಕೇಳುತ್ತಲೇ ಇತ್ತು.

ಕಳೆದ ತಿಂಗಳು ಅವನು ಪಾಲಿಕೆಗೆ ಒಂದು ದೂರು ಬರೆದ. ಜನವಸತಿಯ ಜಾಗದಲ್ಲಿ ಗುಜರಿ ರಾಶಿ, ಮಳೆಗಾಲ ಹತ್ತಿರ, ಟೈರಿನಲ್ಲಿ ನೀರು, ನೀರಿನಲ್ಲಿ ಸೊಳ್ಳೆಮರಿ, ಡೆಂಗ್ಯೂ. ಹೆಸರು ಹಾಕಲಿಲ್ಲ. 'ನೊಂದ ನಾಗರಿಕ' ಎಂದು ಸಹಿ ಮಾಡಿದ. ಲಕೋಟೆಯ ಮೇಲೆ ಮಣ್ಣಗುಡ್ಡದ ಮುದ್ರೆ ಬಿದ್ದರೆ ಗುಮಾನಿ ಬರುತ್ತದೆಂದು ಬಸ್ಸು ಹಿಡಿದು ಹಂಪನಕಟ್ಟೆಗೆ ಹೋಗಿ ಅಲ್ಲಿ ಪೋಸ್ಟ್ ಮಾಡಿದ. ಬರುವಾಗ ಒಂದು ಕಬ್ಬಿನ ಹಾಲು ಕುಡಿದ. ಇಷ್ಟು ವರ್ಷದಲ್ಲಿ ಒಂದು ಕೆಲಸ ತಪ್ಪಿಲ್ಲದೆ ಮಾಡಿದ ಸಮಾಧಾನ ಅವನಿಗೆ.

ಆಮೇಲೆ ಆದದ್ದನ್ನು ಅವನು ಎಣಿಸಿರಲಿಲ್ಲ. ನೋಟೀಸು ಬಂದ ಸಂಜೆ ದೇವದಾಸ್ ಅದನ್ನು ಹಿಡಿದುಕೊಂಡು ನೆಟ್ಟಗೆ ಹ್ಯೂಬರ್ಟನ ಸಿಟ್‌ಔಟಿಗೇ ಬಂದ. ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು ನಿಂತ.

"ಸರ್, ಇದಕ್ಕೆ ನೀವೇ ಒಂದು ಉತ್ತರ ಬರೆದು ಕೊಡಬೇಕು. ನನಗೆ ಬರೀಲಿಕ್ಕೆ ಬರುದಿಲ್ಲ, ನಿಮಗೆ ಗೊತ್ತುಂಟಲ್ಲ."

ಹನ್ನೆರಡು ವರ್ಷದಲ್ಲಿ ಆ ಮನುಷ್ಯ ಇವನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಹ್ಯೂಬರ್ಟ್ ಕೂತು ಬರೆದ. ಬರೆಯುತ್ತ ಬರೆಯುತ್ತ ಅವನಿಗೆ ಹುರುಪು ಬಂತು. ತಾನು ಕೊಟ್ಟ ದೂರಿನ ಒಂದೊಂದು ಅಂಶವನ್ನೂ ತಾನೇ ಹಿಡಿದು ಮುರಿದ. ಮರುದಿನ ದೇವದಾಸ್ ಬಾಳೆಲೆಯಲ್ಲಿ ಸುತ್ತಿ ನಾಲ್ಕು ಕಾಣೆ ಮೀನು ಕೊಟ್ಟು ಹೋದ. ಮಗ್ದಲೀನ್ ರವೆ ಹಚ್ಚಿ ಹುರಿದಳು. ಮೀನು ರುಚಿಯಾಗಿತ್ತು, ಹಾಳಾದ್ದು. ಆ ಉತ್ತರದಿಂದ ದೇವದಾಸನಿಗೆ ಒಂದು ವಾರದ ವಾಯಿದೆ ಸಿಕ್ಕಿತು. ಅದು ಮುಗಿದದ್ದು ಇವತ್ತು.

ಒಂಬತ್ತಕ್ಕೆ ಮಗ್ದಲೀನ್ ಕುಕ್ಕರಿನೊಂದಿಗೆ ಮನೆಗೆ ಬಂದಳು. ಹ್ಯೂಬರ್ಟ್ ಪೇಪರು ಬಿಡಿಸಿಕೊಂಡು ಕೂತಿದ್ದ.

"ಹತ್ತಕ್ಕೆ ಬರ್ತಾರಂತೆ," ಅಂದಳು.

"ಯಾರು?"

"ನಿನಗೆ ಗೊತ್ತಿಲ್ವಾ?"

"ನನಗೆಂತ ಗೊತ್ತು."

ಅವಳು ಕುಕ್ಕರನ್ನು ಊಟದ ಮೇಜಿನ ಮೇಲಿಟ್ಟಳು. ಸೆಕೆಗೆ ಅವಳ ಕುತ್ತಿಗೆ ಒದ್ದೆಯಾಗಿತ್ತು.

"ಹ್ಯೂಬರ್ಟ್, ನಿನಗೆ ನನ್ನ ಹತ್ತಿರ ಏನಾದರೂ ಹೇಳ್ಲಿಕ್ಕೆ ಉಂಟಾ?"

ಪೇಪರಿನ ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. "ಎಂತ ಹೇಳ್ಲಿಕ್ಕೆ? ಮೀನು ತರಬೇಕಾ?"

"ಬೇಡ," ಅಂದಳು. ಅವನನ್ನೇ ನೋಡುತ್ತ ನಿಂತಳು. ಮತ್ತೆ ಒಳಗೆ ಹೋದಳು.

ಇವಳಿಗೆ ಗೊತ್ತಾಗಬಾರದು. ಅದೊಂದೇ ಅವನ ಭಯ. ಮಗ್ದಲೀನ್ ಬೈಯುವ ಹೆಂಗಸಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿ ಇಡೀ ಆಯುಷ್ಯ ಕಳೆದವಳು, ಎಂಥ ಕೊಳಕನ್ನೂ ಸಹಿಸುತ್ತಾಳೆ. ಸುಳ್ಳನ್ನು ಮಾತ್ರ ಸಹಿಸುವುದಿಲ್ಲ. ಸ್ವಂತ ತಂಗಿ ಡೈಸಿ ಒಂದೇ ಒಂದು ಸುಳ್ಳು ಹೇಳಿದಳೆಂದು ಒಂಬತ್ತು ವರ್ಷ ಅವಳ ಹತ್ತಿರ ಮಾತು ಬಿಟ್ಟಿದ್ದಳು. ಜಗಳವಿಲ್ಲ, ಅಳುವಿಲ್ಲ. ಹಬ್ಬಕ್ಕೆ ಒಂದೇ ಮೇಜಿನಲ್ಲಿ ಕೂತು, ಡೈಸಿಯ ಮುಂದೆ ಅನ್ನದ ಪಾತ್ರೆ ಸರಿಸುತ್ತಿದ್ದಳು, ಅವಳು ಹೇಳಿದ್ದು ಮಾತ್ರ ಇವಳಿಗೆ ಕೇಳಿಸುತ್ತಿರಲಿಲ್ಲ. ಆ ಒಂಬತ್ತು ವರ್ಷವನ್ನು ಹ್ಯೂಬರ್ಟ್ ಕಣ್ಣಾರೆ ಕಂಡಿದ್ದ.

ಲಾರಿ ಬಂದದ್ದು ಹತ್ತೂ ಇಪ್ಪತ್ತಕ್ಕೆ. ದೊಡ್ಡ ಲಾರಿ. ಓಣಿಯ ತಿರುವಿನಲ್ಲಿ ಹಿಂದೆ ಮುಂದೆ ಹೋಗಿ, ಅಲ್ಲಿನ ಮನೆಯ ರೊಸಾಲಿನ್ ಬಾಯಿಯ ದಾಸವಾಳದ ಗಿಡಕ್ಕೆ ಉಜ್ಜಿಕೊಂಡು ಬಂದು ನಿಂತಿತು. ಇಬ್ಬರು ಕೆಲಸದವರು ಹಾರಿ ಇಳಿದರು. ಅದರ ಹಿಂದೆ ಸ್ಕೂಟರಿನಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಬಂದಳು, ಹೆಗಲ ಚೀಲದಲ್ಲಿ ಫೈಲು. ಹೆಲ್ಮೆಟ್ ತೆಗೆದವಳೇ ಹ್ಯೂಬರ್ಟನ ಗೇಟಿನ ಕಡೆ ನೋಡಿದಳು.

"ಅಯ್ಯೋ, ಸರ್! ನಾನು ಪ್ರಣೀತಾ, ಬಿ.ಎಸ್ಸಿ. ಬ್ಯಾಚ್. ನಿಮ್ಮ ಮನೆ ಇಲ್ಲಿಯಾ?"

ಅವನು ಹೌದು ಎಂದ. ಮಂಗಳೂರಿನಲ್ಲಿ ಎಲ್ಲಿ ಕಾಲಿಟ್ಟರೂ ಒಬ್ಬ ಹಳೆ ಸ್ಟೂಡೆಂಟ್ ಸಿಗುವುದು ಮೊದಲು ಅವನಿಗೆ ಹೆಮ್ಮೆಯ ವಿಷಯವಾಗಿತ್ತು.

"ಒಳ್ಳೇದಾಯ್ತು ಸರ್. ಮಹಜರಿಗೆ ಪಂಚರು ಬೇಕು. ನಿಮ್ಮಂಥವರು ಒಬ್ಬರು ಸಹಿ ಹಾಕಿದ್ರೆ ಮತ್ತೆ ಯಾರೂ ಮಾತಾಡ್ಲಿಕ್ಕಿಲ್ಲ. ಸ್ವಲ್ಪ ಬನ್ನಿ."

"ನನಗೆ ಇವತ್ತು ಸ್ವಲ್ಪ..."

"ಅರ್ಧ ಗಂಟೆ ಸರ್. ಬರೀ ನಿಂತು ನೋಡುದು, ಸಹಿ ಹಾಕುದು."

ಅವನು ಚಪ್ಪಲಿ ಮೆಟ್ಟಿ ಹೊರಟ. ಗೇಟಿನ ಹತ್ತಿರ ಅವಳು ಫೈಲು ಬಿಡಿಸಿದಳು. ಎಡಕ್ಕೆ ದೂರು, ಬಲಕ್ಕೆ ದೇವದಾಸನ ಉತ್ತರ. ಎರಡೂ ಕಾಲೇಜಿನ ಪ್ರಾಕ್ಟಿಕಲ್ ರೆಕಾರ್ಡಿನ ಹಾಳೆ, ಒಂದು ಕಡೆ ಗೆರೆ, ಇನ್ನೊಂದು ಕಡೆ ಖಾಲಿ. ರಿಟೈರ್ ಆಗುವಾಗ ಅವನು ಒಂದು ಕಟ್ಟು ಮನೆಗೆ ಹೊತ್ತು ತಂದಿದ್ದ, ಎಲ್ಲದಕ್ಕೂ ಅದನ್ನೇ ಬಳಸುತ್ತಿದ್ದ. ಎರಡು ಹಾಳೆಯಲ್ಲೂ ಸ್ಕೇಲಿಟ್ಟು ಎಳೆದ ಜೋಡಿ ಮಾರ್ಜಿನ್. ಎರಡರಲ್ಲೂ ಅಡಿಗೆರೆ ಹಾಕಿದ ಅದೇ ನಾಲ್ಕು ತಲೆಬರಹ: ಉದ್ದೇಶ, ಸಾಮಗ್ರಿ, ಅವಲೋಕನ, ಫಲಿತಾಂಶ. ಅಕ್ಷರವನ್ನು ಅವನು ಬೇಕೆಂದೇ ಬದಲಾಯಿಸಿ ಬರೆದಿದ್ದ. ಕ್ರಮ ಬದಲಾಯಿಸಬೇಕು ಎನ್ನುವುದು ಹೊಳೆದೇ ಇರಲಿಲ್ಲ. ಬರೆಯುವುದೆಂದರೆ ಹಾಗೆಯೇ ಎಂದು ಅವನ ಕೈಗೆ ಗೊತ್ತು.

"ನಾನೂ ನಿಮ್ಮ ಹತ್ತಿರವೇ ರೆಕಾರ್ಡ್ ಬರೆದವಳಲ್ವಾ ಸರ್," ಪ್ರಣೀತಾ ಮೆಲ್ಲಗೆ ಅಂದಳು. "ಮಾರ್ಜಿನ್ ಇಲ್ಲದಿದ್ರೆ ನೀವು ಹರಿದು ಹಾಕ್ತಿದ್ರಿ."

"ಎಂತ ಹೇಳ್ತಿದ್ದೀಯಮ್ಮ?"

"ಎಂತ ಇಲ್ಲ ಸರ್. ಬನ್ನಿ." ಅವಳು ಫೈಲು ಮುಚ್ಚಿದಳು.

ಮಗ್ದಲೀನ್ ಆಗಲೇ ಆ ಕಡೆ ಹೋಗಿ ಗುಡ್ಡೆಯ ಪಕ್ಕ ನಿಂತಿದ್ದಳು. ಈ ಹುಡುಗಿ ಅವಳ ಮುಂದೆ ಬಾಯಿ ಬಿಟ್ಟರೆ ಮುಗಿಯಿತು. ಗುಜರಿ ಹೋಗಲಿ, ಇರಲಿ, ಅವನಿಗೆ ಈಗ ಅದು ಬೇಡವೇ ಬೇಡ. ಈ ಫೈಲು ಮುಚ್ಚಿಕೊಂಡೇ ಇದ್ದರೆ ಸಾಕಿತ್ತು.

ಪ್ರಣೀತಾ ಅಂಗಳದ ನಡುವೆ ನಿಂತು ಗಟ್ಟಿಯಾಗಿ ಹೇಳಿದಳು: "ನೋಡಿ, ಈ ಜಾಗ ಇವತ್ತು ಖಾಲಿ ಆಗ್ಬೇಕು. ಇದರಲ್ಲಿ ಬೇರೆಯವರ ಸಾಮಾನು ಇದ್ರೆ ಗುರುತು ಹೇಳಿ ಅವರವರ ಮನೆಗೆ ತಕೊಂಡು ಹೋಗಬಹುದು. ಉಳಿದದ್ದು ಲಾರಿಗೆ."

ಅವಳು ಹೇಳಿ ಮುಗಿಸುವುದಕ್ಕೇ ಕಾದಿದ್ದವರಂತೆ ಜನ ಗೇಟಿನೊಳಗೆ ಬಂದರು. ಮೊದಲು ರೊಸಾಲಿನ್ ಬಾಯಿ.

"ಆ ಮಿಕ್ಸಿ ನಮ್ಮದು," ಅಂದಳು. ದೇವದಾಸ್ ತೆಗೆದುಕೊಟ್ಟ. ಮೂಲೆಯ ಟೈಲರ್ ನೂರ್ ಮುಹಮ್ಮದ್ ಒಂದು ಹೊಲಿಗೆ ಮೆಶಿನ್ನಿನ ಕಾಲು ಗುರುತು ಹಿಡಿದ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದ ಮೊರಿಸ್ ಒಂದು ನೀರಿನ ಪಂಪು ಎತ್ತಿಕೊಂಡ. ಸರಿ, ಇರಬಹುದು, ಅವರು ಕೊಟ್ಟದ್ದೇ ಇರಬಹುದು. ಹ್ಯೂಬರ್ಟ್ ಪ್ರಣೀತಳ ಪಕ್ಕ ಪಂಚನಾಗಿ ನಿಂತು ನೋಡುತ್ತಿದ್ದ.

ರೊಸಾಲಿನ್ ಬಾಯಿ ಮಿಕ್ಸಿ ಮನೆಯಲ್ಲಿಟ್ಟು ಮತ್ತೆ ಬಂದಳು.

"ಆ ಪ್ರೊಪೆಲ್ಲರ್ ಕೂಡ ನಮ್ಮದೇ."

ಎಪ್ಪತ್ತು ದಾಟಿದ ಮುದುಕಿ, ಚರ್ಚಿಗೂ ರಿಕ್ಷಾದಲ್ಲಿ ಹೋಗುವವಳು. ಇವಳಿಗೆಲ್ಲಿಯ ಬೋಟು? ಪ್ರಣೀತಾ ಅವಳ ಮುಖ ನೋಡಿದಳು, ಪೆನ್ನು ತೆಗೆದು ಬರೆದುಕೊಂಡಳು. ನೂರ್ ಮುಹಮ್ಮದನ ಬಟ್ಟೆ ಒಯ್ಯುವ ಕೈಗಾಡಿ ಬಂತು, ಅದರಲ್ಲಿ ಬಲೆಯೆಲ್ಲ ಹೋಯಿತು. ಬಲೆ ತೇಲಿಸುವ ಹನ್ನೆರಡು ಬುಂಡೆಗಳೂ ತನ್ನವೇ ಅಂದ. ಮೊರಿಸ್ ಡೀಸೆಲ್ ಡ್ರಮ್ಮನ್ನು ಉರುಳಿಸಿಕೊಂಡು ಹೋದ, ಇಸ್ತ್ರಿ ಮಾಡಿದ ಪ್ಯಾಂಟಿಗೆ ಗ್ರೀಸು ಮೆತ್ತಿಕೊಂಡಿತು, ಅವನು ಕೂಗಿ ನಗುತ್ತಿದ್ದ. ಓಣಿಯ ಕೊನೆಯ ಫ್ಲ್ಯಾಟಿನವರೂ ಬಂದರು. ಫ್ರಿಡ್ಜಿನ ಬಾಗಿಲಿಗೆ ಇಬ್ಬರು ಹಕ್ಕುದಾರರು ಹುಟ್ಟಿಕೊಂಡರು. ಕೆಲಸದವರಿಬ್ಬರು ಕೈಕಟ್ಟಿಕೊಂಡು ಲಾರಿಗೆ ಒರಗಿದ್ದರು. ಹನ್ನೆರಡು ವರ್ಷದ ಗುಡ್ಡೆ ಒಂದೂವರೆ ಗಂಟೆಯಲ್ಲಿ ಎಂಟು ಮನೆಗಳೊಳಗೆ ನಡೆದುಹೋಯಿತು.

ಮಗ್ದಲೀನ್ ಕೈಯಲ್ಲೊಂದು ಹಾಳೆ ಹಿಡಿದು ಹೆಸರು ಕರೆಯುತ್ತಿದ್ದಳು. ವಾರ್ಡಿನಲ್ಲಿ ಔಷಧ ಹಂಚುತ್ತಿದ್ದ ಧ್ವನಿ ಅದೇ. "ಮೊರಿಸ್, ಆ ವಾಶಿಂಗ್ ಮೆಶಿನ್ನಿನದ್ದೂ ನಿಮ್ಮ ಮನೆಗೆ. ಮರೀಬೇಡಿ."

ಹ್ಯೂಬರ್ಟ್ ಹತ್ತಿರ ಹೋಗಿ ಹಾಳೆ ನೋಡಿದ. ಮನೆ ಮನೆಯ ಹೆಸರು, ಮುಂದೆ ಸಾಮಾನು. ದಿನಗಟ್ಟಲೆ ಕೂತು ಮಾಡಿದಂತಿದ್ದ ಪಟ್ಟಿ. ಓಣಿಯ ಎಲ್ಲ ಮನೆಗಳಿದ್ದವು. ತಮ್ಮ ಮನೆಯೊಂದೇ ಇರಲಿಲ್ಲ. ಹಾಳೆಯ ಹಿಂಬದಿ ಖಾಲಿಯಿತ್ತು, ಮುಂಬದಿಗೆ ಗೆರೆ. ಅವನ ಕಟ್ಟಿನದ್ದೇ.

"ಇದೆಲ್ಲ ಯಾವಾಗ ಮಾಡಿದ್ದು?" ಅವನು ಕೇಳಿದ.

"ಮೊನ್ನೆಯೆಲ್ಲ. ಸಂಜೆ ಸಂಜೆ."

"ನನಗೆ ಹೇಳಲಿಲ್ಲ?"

ಮಗ್ದಲೀನ್ ಅವನನ್ನು ನೋಡಿದಳು. ಸಿಟ್ಟಿನ ನೋಟವಲ್ಲ, ಬೆಳಿಗ್ಗೆ ಕುಕ್ಕರ್ ಇಟ್ಟು ನಿಂತಾಗ ನೋಡಿದ ಹಾಗೆಯೇ. "ನೀನೆಂತ ಹೇಳಿದೆ ನನಗೆ?" ಅಂದಳು. ಅಷ್ಟರಲ್ಲಿ ಯಾರೋ ಕರೆದರು.

ಕುಳಿತುಕೊಳ್ಳಲು ಅಲ್ಲಿ ಇದ್ದದ್ದು ತಗಡಿನ ಮಾಡಿನಡಿಯ ಒಂದು ಉದ್ದನೆಯ ಬೆಂಚು. ಕೂತ. ದೇವದಾಸ್ ಕುಂಟುತ್ತ ಬಂದು ಚಾ ಲೋಟ ಕೊಟ್ಟ.

"ಕುಡೀರಿ ಸರ್. ಬಿಸಿಲು ಮಾರಾಯ್ರೆ."

"ದೇವದಾಸ್," ಹ್ಯೂಬರ್ಟ್ ಲೋಟ ಹಿಡಿದುಕೊಂಡ. "ಆ ದೂರು ಯಾರು ಕೊಟ್ಟದ್ದಂತ ಗೊತ್ತಾಯ್ತಾ?"

"ಬಿಡಿ ಸರ್."

"ಅಲ್ಲ, ಕೇಳಿದೆ ಅಷ್ಟೆ."

"ನೋಟೀಸಿನ ಜತೆ ಅದರ ಜೆರಾಕ್ಸ್ ಇತ್ತು ಸರ್. ಅದು ಮನೆಯಲ್ಲೇ ಇತ್ತು, ನಿಮಗೆ ತೋರಿಸಲಿಲ್ಲ. ಮತ್ತೆ ನೀವು ಉತ್ತರ ಬರೆದು ಕೊಟ್ರಲ್ಲ, ಎರಡನ್ನೂ ನಿಮ್ಮ ಮನೆಯ ಬಾಯಮ್ಮನ ಹತ್ರ ಓದಿಸಿದೆ. ಅವರು ಓದಿ ಸುಮ್ಮನೆ ಕೂತ್ರು. ಆಗ ಗೊತ್ತಾಯ್ತು." ದೇವದಾಸ್ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡ. "ಉತ್ತರ ಭಾರೀ ಚೆನ್ನಾಗಿತ್ತು ಸರ್. ಆಫೀಸಿನಲ್ಲೂ ಹೇಳಿದ್ರಂತೆ."

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಹ್ಯೂಬರ್ಟ್ ಹುಡುಕಿದ, ಒಂದಿಷ್ಟು ಕುಹಕವಾದರೂ ಇದೆಯೇ ಎಂದು ಮುಖವನ್ನೇ ನೋಡಿದ. ಏನೂ ಇಲ್ಲ. ಎದೆಗೆ ಕೈ ಹಾಕಿ ದಬ್ಬಬಾರದೇ ಈ ಮನುಷ್ಯ? ಓಣಿಯ ಎದುರು ಬಾಯಿಗೆ ಬಂದಂತೆ ಬೈಯಬಾರದೇ? ಶತ್ರುವಾಗಲಿಕ್ಕೂ ತನಗೆ ಯೋಗ್ಯತೆ ಇಲ್ಲವೇ? ಈ ಒಳ್ಳೆಯತನದ ಮೇಲೂ ಅವನಿಗೆ ಹೊಟ್ಟೆ ಉರಿಯಿತು. ಚಾ ಸಿಹಿ ಹದವಾಗಿತ್ತು. ಮಗ್ದಲೀನಳಿಗೆ ಗೊತ್ತು, ಒಂದು ವಾರದಿಂದ ಗೊತ್ತು, ಬೆಳಿಗ್ಗೆ ಕೇಳಿದ್ದು ಅದಕ್ಕೇ ಎನ್ನುವುದು ನಿಧಾನವಾಗಿ ಅವನ ತಲೆಗೆ ಇಳಿಯಿತು. ಎಲ್ಲರಿಗೂ ಗೊತ್ತು. ಮುಚ್ಚಿಟ್ಟುಕೊಂಡು ಕೂತವನು ತಾನೊಬ್ಬನೇ.

ಇನ್ನೂ ಹೇಳಬಹುದಿತ್ತು. ಎದ್ದು ಮಗ್ದಲೀನಳ ಹತ್ತಿರ ಹೋಗಿ, 'ಮಗ್ಗಿ, ನಾನೇ ಬರೆದದ್ದು, ತಪ್ಪಾಯ್ತು' ಅಂದರೆ ಆಗುತ್ತಿತ್ತು. ನಾಲಿಗೆಯ ತುದಿವರೆಗೂ ಬಂದಿತ್ತು. ಅಷ್ಟರಲ್ಲಿ ಪ್ರಣೀತಾ ಕರೆದಳು.

"ಸರ್, ಬನ್ನಿ. ಇಷ್ಟು ಉಳಿದದ್ದು."

ಕೆಂಪು ಮಣ್ಣಿನ ಅಂಗಳ ಬಟಾಬಯಲಾಗಿತ್ತು. ಗುಡ್ಡೆ ಇದ್ದ ಜಾಗದಲ್ಲಿ ಮಣ್ಣು ಒದ್ದೆಯಾಗಿ ಕಪ್ಪಗೆ ಉಳಿದಿತ್ತು. ಎರಡು ಸೀಳಿದ ಟೈರು ಲಾರಿಗೆ ಹೋದವು. ಬೆಂಚಿನ ಹಿಂದಿನ ಗೋಡೆಯ ಗೂಡಿನಲ್ಲಿ ಒಂದು ಟೇಬಲ್ ಫ್ಯಾನು ಇತ್ತು. ಹಸಿರು ರೆಕ್ಕೆ, ಬಳಿದು ಬಳಿದು ದಪ್ಪವಾದ ಬಿಳಿ ಬಣ್ಣದ ಕಂಬಿಗಳು.

"ಇದು ಯಾರದ್ದು?" ಪ್ರಣೀತಾ ಕೇಳಿದಳು.

ದೇವದಾಸ್ ಮಗ್ದಲೀನಳ ಕಡೆ ನೋಡಿದ. ರೊಸಾಲಿನ್ ಬಾಯಿ ತನ್ನದೆಂದು ಹೇಳಲು ಬಾಯಿ ತೆರೆದಳು. ಮಗ್ದಲೀನ್ ಅವಳ ಕೈ ಹಿಡಿದು ತಡೆದಳು.

"ಕೆಟ್ಟದ್ದಾ?" ಪ್ರಣೀತಾ ಗುಂಡಿ ಒತ್ತಿದಳು.

ರೆಕ್ಕೆ ತಿರುಗಿತು. ಕುತ್ತಿಗೆ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ಕಿರ್ರ್... ಟಕ್.

ಮೂರು ಗಂಟೆಯ ಸದ್ದು. ಅದಕ್ಕೂ ಹಿಂದೆ, ಕದ್ರಿಯ ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ, ಮದುವೆಯಾದ ಮೊದಲ ಬೇಸಗೆಯ ಸದ್ದು. ಮದುವೆಗೆ ಬಂದ ಉಡುಗೊರೆಗಳಲ್ಲಿ ಅದೊಂದೇ ಉಪಯೋಗಕ್ಕೆ ಬಂದದ್ದು. ಎಡಕ್ಕೆ ಅವಳಿಗೆ ಗಾಳಿ, ಬಲಕ್ಕೆ ಇವನಿಗೆ. ಅವಳು ನಗುತ್ತ ಗಾಳಿಯ ಹಿಂದೆ ಹೊರಳಿ ಇವನ ಬದಿಗೇ ಬಂದುಬಿಡುತ್ತಿದ್ದಳು. ಎಷ್ಟೋ ವರ್ಷ ಆದ ಮೇಲೆ ಅದು ನಿಂತಿತು. ಫಿಸಿಕ್ಸ್ ಮಾಸ್ಟರ್ ತಾನೇ ಬಿಚ್ಚಿ ಕೂತ, ಜೋಡಿಸಿ ಗುಂಡಿ ಒತ್ತಿದ, ಕಿಡಿ ಹಾರಿ ಇಡೀ ಮನೆ ಕತ್ತಲಾಯಿತು. ಎಸೆದುಬಿಡು ಇದನ್ನು, ಎಂದು ಅವಳ ಮೇಲೆ ಕೂಗಿದ್ದ. ಎಸೆದಳು ಎಂದೇ ಅವನು ನಂಬಿದ್ದ.

ಅವಳು ಇಲ್ಲಿ ತಂದುಕೊಟ್ಟಿದ್ದಳು. ದೇವದಾಸ್ ಸರಿಮಾಡಿದ್ದ. ಎರಡು ವರ್ಷದಿಂದ ಮಧ್ಯಾಹ್ನ ಮಧ್ಯಾಹ್ನ ಈ ಬೆಂಚಿನ ಮೇಲೆ ಅವಳು ಅದೇ ಗಾಳಿಗೆ ಮುಖ ಒಡ್ಡಿ ಕೂರುತ್ತಿದ್ದಳು. ಹೌದು ಅಂದರೆ ಇದು ಮನೆಗೆ ಬರುತ್ತದೆ. ಬಂದು ದಿನಾ ಅವನ ತಲೆಯ ಹತ್ತಿರ ತಿರುಗುತ್ತದೆ, ನೀನು ಎಸೆದದ್ದು, ಅವನು ಸರಿಮಾಡಿದ್ದು, ಎಂದು ಸಾಯುವವರೆಗೂ ಹೇಳುತ್ತದೆ.

"ಸರ್, ನಿಮ್ಮ ಮನೆಯದ್ದಾ?" ಪ್ರಣೀತಾ ಕೇಳಿದಳು.

ಮಗ್ದಲೀನ್ ಅವನನ್ನೇ ನೋಡುತ್ತಿದ್ದಳು. ಅಮ್ಮಣ್ಣಿ, ದೇವದಾಸ್, ಟೈಲರ್, ಮೊರಿಸ್, ಎಲ್ಲರೂ.

"ಅಲ್ಲ," ಅಂದ.

"ಖಾತ್ರಿಯಾ ಸರ್? ಒಳ್ಳೆ ಫ್ಯಾನು, ತಿರುಗ್ತಾ ಉಂಟು."

"ನಮ್ಮದಲ್ಲ ಅಂದೆನಲ್ಲ."

ಪ್ರಣೀತಾ ಪ್ಲಗ್ಗು ಕಿತ್ತಳು. ಫಾರ್ಮಿನ ಕೊನೆಯ ಕಾಲಮ್ಮಿನಲ್ಲಿ, ವಾರಸುದಾರರಿಲ್ಲದ ವಸ್ತುಗಳು ಎಂದಿದ್ದ ಕಡೆ, ಟೈರುಗಳ ಕೆಳಗೆ 'ಟೇಬಲ್ ಫ್ಯಾನು, ಒಂದು' ಎಂದು ಬರೆದಳು. ಹ್ಯೂಬರ್ಟ್ ಅದರ ಕೆಳಗೆ ಪಂಚನಾಗಿ ಪೂರ್ತಿ ಹೆಸರಿನ ಸಹಿ ಹಾಕಿದ. ಸಹಿ ನೆಟ್ಟಗೆ ಬಿತ್ತು.

ಕೆಲಸದವರು ಫ್ಯಾನನ್ನು ಎತ್ತಿ ಆ ಅಷ್ಟು ದೊಡ್ಡ ಲಾರಿಯ ನಟ್ಟ ನಡುವೆ ನಿಲ್ಲಿಸಿದರು. ಬೀಳದಂತೆ ದೇವದಾಸನೇ ಒಂದು ತುಂಡು ಹಗ್ಗ ಕೊಟ್ಟ. ಲಾರಿ ಓಣಿಯಲ್ಲಿ ಹೊರಟು ವೇಗ ಹಿಡಿದಾಗ ಗಾಳಿಗೆ ಹಸಿರು ರೆಕ್ಕೆಗಳು ತಾವಾಗಿಯೇ ತಿರುಗತೊಡಗಿದವು.

"ಮಗ್ಗಿ," ಹ್ಯೂಬರ್ಟ್ ಕರೆದ. "ಮನೆಗೆ ಹೋಗುವ?"

ಮಗ್ದಲೀನ್ ಕೈಯಲ್ಲಿದ್ದ ಹಾಳೆಯನ್ನು ಎರಡಾಗಿ ಮಡಚಿದಳು. ಪೊರಕೆ ಎಲ್ಲಿ ಎಂದು ಅಮ್ಮಣ್ಣಿಯನ್ನು ತುಳುವಿನಲ್ಲಿ ಕೇಳಿದಳು.

ಅವಳಿಗೆ ಕೇಳಿಸಲಿಲ್ಲವೇನೋ ಎಂದು ಅವನು ಇನ್ನೂ ಒಂದು ಹೆಜ್ಜೆ ಹತ್ತಿರ ಹೋದ. "ಊಟದ ಹೊತ್ತಾಯಿತಲ್ಲ, ಮಗ್ದಲೀನ್?"

ಅವಳು ಪೊರಕೆ ತೆಗೆದುಕೊಂಡು ಒದ್ದೆ ಮಣ್ಣಿನ ಮೇಲೆ ಗುಡಿಸತೊಡಗಿದಳು. ಅವನ ಕಾಲಿನ ಹತ್ತಿರ ಬಂದಾಗ, ದಾರಿಯಲ್ಲಿ ಕಲ್ಲಿದ್ದರೆ ಹೇಗೋ ಹಾಗೆ, ಸುತ್ತು ಹಾಕಿ ಗುಡಿಸಿಕೊಂಡು ಮುಂದೆ ಹೋದಳು.

ಮನೆಯಲ್ಲಿ ಊಟ ಮುಚ್ಚಿಟ್ಟಿತ್ತು. ಒಂದೇ ತಟ್ಟೆ. ಯಾವಾಗ ಇಟ್ಟಳೋ. ಅವನು ಉಂಡ, ತಟ್ಟೆ ತೊಳೆದ, ಮಲಗಿದ. ಮೂರು ಗಂಟೆಗೆ ಕಣ್ಣು ತಾನಾಗಿಯೇ ತೆರೆದುಕೊಂಡಿತು. ಕಿವಿಗೊಟ್ಟು ಕಾದ. ಸದ್ದು ಬರಲಿಲ್ಲ.

ಎದ್ದು ಬಾತ್‌ರೂಮಿಗೆ ಹೋಗಿ ಸ್ಟೂಲು ಹತ್ತಿದ. ಗುಡ್ಡೆ ಇರಲಿಲ್ಲ. ಇಷ್ಟು ದಿನ ಮರೆಯಾಗಿದ್ದ ಬೆಂಚು ನೇರ ಎದುರಿಗಿತ್ತು. ಮಗ್ದಲೀನ್ ಒಬ್ಬಳೇ ಕೂತಿದ್ದಳು. ಸೆಕೆಗೆ ಕಾಗದವೊಂದನ್ನು ಮಡಚಿ ಗಾಳಿ ಹಾಕಿಕೊಳ್ಳುತ್ತಿದ್ದಳು. ಒಂದು ಬದಿಗೆ ಗೆರೆ, ಜೋಡಿ ಮಾರ್ಜಿನ್, ನಾಲ್ಕು ತಲೆಬರಹ. ಇಷ್ಟು ದೂರದಿಂದ ಓದಲು ಆಗುತ್ತಿರಲಿಲ್ಲ, ಆದರೆ ತಾನೇ ಬರೆದ ಆ ದೂರು ಅವನಿಗೆ ಬಾಯಿಪಾಠ.

ಅವಳು ತಲೆ ಎತ್ತಿ ವೆಂಟಿಲೇಟರಿನತ್ತ ನೋಡಿದಳು. ನೋಟ ಕದಲಲಿಲ್ಲ, ಕೈಯೂ ನಿಲ್ಲಲಿಲ್ಲ. ಕಾಗದ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಅವನು ಕೆಳಗಿಳಿಯಲಿಲ್ಲ. ಸ್ಟೂಲಿನ ಮೇಲೆ ನಿಂತೇ ಇದ್ದ, ಆ ಕಾಗದ ಹೋಗಿ ಬರುವುದನ್ನು ನೋಡುತ್ತ.